ತಿದ್ದಿದ್ದನ್ನು ನಂಬತಕ್ಕದ್ದು

ಜೂರಾಕಾನ್ ಎಜೆ ಸಂತೆಯಲ್ಲಿ ಆಲೂಗಡ್ಡೆ ಕೊಳ್ಳುವ ಮೊದಲು ತಕ್ಕಡಿಯ ತಟ್ಟೆಯನ್ನು ಎತ್ತಿ, ಅಡಿಯಲ್ಲಿ ಏನಾದರೂ ಅಂಟಿಸಿದ್ದಾರೆಯೇ ಎಂದು ಬೆರಳಾಡಿಸಿ ನೋಡುತ್ತಿದ್ದರು. ಅವರ ತಲೆವಸ್ತ್ರ ದೂರದಲ್ಲಿ ಕಂಡರೆ ಸಾಕು, ಕುರಿಮಾಂಸದವನು ಎರಡೂ ಕೈ ಮೇಲೆತ್ತಿ, "ನೋಡ್ಕೊಳ್ಳಿ ಎಜೆ, ನನ್ನ ಹೆಬ್ಬೆರಳು ಆಕಾಶದಲ್ಲಿದೆ" ಎಂದು ಕೂಗುತ್ತಿದ್ದ. ಸೊಸೆ ಚಹಾ ಕೊಟ್ಟರೆ ನಿನ್ನೆಯ ಸೊಪ್ಪನ್ನೇ ಮತ್ತೆ ಕುದಿಸಿದ್ದಾಳೋ ಎಂದು ಮೂಸುವುದು. ಬಸ್ಸಿನವನು ಹತ್ತಕ್ಕೆ ಹೊರಡುತ್ತೇನೆ ಎಂದರೆ ಯಾವ ಗಡಿಯಾರದ ಹತ್ತು ಎಂದು ಕೇಳುವುದು. ಊರಿನವರೆಲ್ಲ ಅವರನ್ನು ಎಜೆ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದರು. ಅದರಲ್ಲಿ ಮರ್ಯಾದೆ ಅರ್ಧ, ಹೆದರಿಕೆ ಅರ್ಧ.

ಇಂಥವರು ನಮ್ಮ ಕೋಕ್‌ತಾಲಿನ ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಇಂಗ್ಲಿಷ್ ಕಲಿಸಿದರು. ತಾವು ಕಲಿತದ್ದು ಸೋವಿಯತ್ ಕಾಲದ ಒಂದು ಬೂದುಬಣ್ಣದ ವ್ಯಾಕರಣದಿಂದ, ಇಂಗ್ಲಿಷ್ ಮನುಷ್ಯನನ್ನು ಜನ್ಮದಲ್ಲಿ ನೋಡದ ಮೇಷ್ಟರಿಂದ. ಕೇಳಿ ನೋಡಲು ಯಾರೂ ಇರಲಿಲ್ಲವಾದ್ದರಿಂದ ಎಜೆ ಎರಡೇ ಎರಡು ಸಂಗತಿಗಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ವಾಕ್ಯ ಪೂರ್ತಿ ಇರಬೇಕು: ಯಾರು ಮಾಡಿದರು, ಏನು ಮಾಡಿದರು, ಎರಡೂ. ಮೂರು ಸಂಗತಿ ಸಾಲಾಗಿ ಬಂದರೆ ಮೂರೂ ಒಂದೇ ಅಚ್ಚಿನಲ್ಲಿರಬೇಕು. "ಅರ್ಧ ವಾಕ್ಯ ಆಡೋನು ಇನ್ನರ್ಧದಲ್ಲಿ ಏನೋ ಬಚ್ಚಿಟ್ಟಿರ್ತಾನೆ" ಎನ್ನುವುದು ಅವರ ಖಚಿತ ಅಭಿಪ್ರಾಯವಾಗಿತ್ತು.

ಕಲಿಸುವ ರೀತಿಯೂ ಅವರದೇ. ನಡುಬೆರಳಿಗೆ ಹೊಲಿಗೆಯ ಹಿತ್ತಾಳೆ ಬೆರಳುಟೋಪಿ ಹಾಕಿಕೊಂಡು ಮೇಜಿನ ಮುಂದೆ ಕೂರುವರು. ಪ್ರತಿ ಬೆಳಿಗ್ಗೆ ಒಬ್ಬರು ಎದ್ದು ನಿಂತು, ಎದ್ದಾಗಿನಿಂದ ಮಾಡಿದ ಮೂರು ಕೆಲಸಗಳನ್ನು ಇಂಗ್ಲಿಷಿನಲ್ಲಿ ಹೇಳಬೇಕು. ನಾನು ಹಸು ಕರೆದೆ, ಮೇಜಿನ ಮೇಲೆ ಬೆರಳುಟೋಪಿ ಟಕ್. ನಾನು ಒಲೆ ಹೊತ್ತಿಸಿದೆ, ಟಕ್. ನಾನು ತಂಗಿಯ ಜಡೆ ಹೆಣೆದೆ, ಟಕ್. ಯಾರಾದರೂ "ಹಸು ಕರೆದೆ, ಒಲೆ ಹೊತ್ತಿಸುವುದು, ತಂಗಿಯ ಜಡೆ" ಎಂದರೋ, ಬೆರಳುಟೋಪಿ ಗಾಳಿಯಲ್ಲೇ ನಿಂತುಬಿಡುತ್ತಿತ್ತು.

"ಜಡೆಗೇನಾಯ್ತು? ಹಸು ತಿಂತಾ?" ಎನ್ನುವರು. "ಗುಡಾರದ ಗಳು ಒಂದುದ್ದ, ಒಂದು ಗಿಡ್ಡ, ಒಂದು ಡೊಂಕು ಇಟ್ಟು ನಿಮ್ಮಜ್ಜನ ಮುಂದೆ ನಿಲ್ಲಿಸು ನೋಡೋಣ. ಮೊದಲು ನಿನ್ನ ತಲೆ ಮೇಲೇ ಬೀಳತ್ತೆ."

ಎಜೆಗೆ ಇನ್ನೊಂದು ಹೆಮ್ಮೆ ಇತ್ತು. ನಮ್ಮಲ್ಲಿ ರಿಜಿಸ್ಟರಿನಲ್ಲಿ ಒಮ್ಮೆ ಶಾಯಿಯಲ್ಲಿ ಬರೆದದ್ದನ್ನು ಸುಮ್ಮನೆ ಅಳಿಸುವಂತಿಲ್ಲ. ತಪ್ಪಾದರೆ ಒಂದೇ ಗೆರೆ ಹೊಡೆದು, ಸರಿಯಾದದ್ದನ್ನು ಮೇಲೆ ಬರೆದು, ಪಕ್ಕದಲ್ಲಿ "ತಿದ್ದಿದ್ದನ್ನು ನಂಬತಕ್ಕದ್ದು" ಎಂದು ಬರೆದು, ಸಹಿ ಮತ್ತು ತಾರೀಖು ಹಾಕಬೇಕು. ಇಲ್ಲದಿದ್ದರೆ ಆ ತಿದ್ದುಪಡಿ ನಡೆಯುವುದಿಲ್ಲ. ಬೇರೆ ಮೇಷ್ಟರ ರಿಜಿಸ್ಟರುಗಳಲ್ಲಿ ಈ ಸಾಲು ಪುಟಕ್ಕೆ ಎರಡು ಕಾಣುತ್ತಿತ್ತು. ಜೂರಾಕಾನ್ ಎಜೆ ಮೂವತ್ತನಾಲ್ಕು ವರ್ಷದಲ್ಲಿ ಅದನ್ನು ಒಮ್ಮೆಯೂ ಬರೆಯಲಿಲ್ಲ. ಹೊಸದಾಗಿ ಬಂದ ಟೀಚರುಗಳನ್ನು ಕೂರಿಸಿಕೊಂಡು ತಮ್ಮ ರಿಜಿಸ್ಟರಿನ ಹಾಳೆ ತಿರುವಿ ತೋರಿಸುತ್ತಿದ್ದರು, ಮದುವಣಗಿತ್ತಿ ತವರಿಂದ ತಂದ ಗಂಟು ಬಿಚ್ಚಿ ತೋರಿಸಿದ ಹಾಗೆ.

ನಿವೃತ್ತಿಯಾಗಿ ಒಂಬತ್ತು ವರ್ಷವಾದರೂ ಪ್ರಾಂತ್ಯದ ಇಂಗ್ಲಿಷ್ ಪ್ರಬಂಧ ಸ್ಪರ್ಧೆಗೆ ತೀರ್ಪುಗಾರರಾಗಿ ಎಜೆಯೇ ಬೇಕು. ಮೊದಲು ಬಂದವರಿಗೆ ರಾಜಧಾನಿಯ ವಿಶ್ವವಿದ್ಯಾಲಯದಲ್ಲಿ ಪರೀಕ್ಷೆಯಿಲ್ಲದೆ ಸೀಟು, ಹಾಸ್ಟೆಲಿನಲ್ಲಿ ಹಾಸಿಗೆ. ಅದಕ್ಕೇ ಅಪ್ಪ ಅಮ್ಮಂದಿರು ಏನು ಮಾಡಲೂ ಹೇಸುವುದಿಲ್ಲ ಎಂಬುದು ಎಜೆಯ ಗುಮಾನಿ. ಈ ಮಾರ್ಚಿನಲ್ಲಿ ಬಂದ ನಲವತ್ತೊಂದು ಪ್ರಬಂಧಗಳಲ್ಲಿ ಹದಿನೇಳನೇ ನಂಬರಿನದನ್ನು ಓದುತ್ತಿದ್ದ ಹಾಗೆ ಅವರ ಹುಬ್ಬು ಮೇಲೇರಿತು. 'ನನ್ನ ಮನೆಯ ಒಂದು ಬೆಳಗು' ಎಂಬ ವಿಷಯ. ಒಂದು ವಾಕ್ಯವೂ ಅರ್ಧಕ್ಕೆ ನಿಂತಿಲ್ಲ. ಮೂರು ಮೂರಾಗಿ ಬಂದ ಮಾತೆಲ್ಲ ಒಂದೇ ಅಳತೆ. ಹೆಸರು ಗುಟ್ಟಾಗಿಟ್ಟಿದ್ದರೂ ಹುಡುಗಿ ಎಂಬುದು, ಊರು ಎರಡೂ ಚೀಟಿಯಲ್ಲಿದ್ದವು: ಕಣಿವೆಯಾಚೆಯ ತಾಶ್‌ಬೆಲ್.

"ಮಾರ್ಲೆನ್, ಇಲ್ನೋಡು," ಎಂದರು. ಮಾರ್ಲೆನ್ ಈಗಿನ ಮುಖ್ಯೋಪಾಧ್ಯಾಯ, ಎಜೆಗಿಂತ ಆರು ವರ್ಷ ಚಿಕ್ಕವನು, ಸ್ಪರ್ಧೆಯ ಅಧ್ಯಕ್ಷನೂ ಅವನೇ. "ತಾಶ್‌ಬೆಲ್‌ನಲ್ಲಿ ಇಂಗ್ಲಿಷ್ ಟೀಚರ್ ಯಾರು?"

"ನಾಲ್ಕು ವರ್ಷದಿಂದ ಯಾರೂ ಇಲ್ಲ ಎಜೆ. ವ್ಯಾಯಾಮದ ಮೇಷ್ಟ್ರೇ ಅದನ್ನೂ ನೋಡ್ಕೋತಾನೆ."

"ಮತ್ತೆ ಇದನ್ನ ಬರೆದೋರು ಯಾರು, ಫುಟ್‌ಬಾಲಾ?"

"ಹುಡುಗಿ ಜಾಣೆ ಇರಬಹುದಲ್ವಾ?"

"ಟೀಚರ್ ಇಲ್ದೆ ಇಷ್ಟು ಜಾಣೆ? ಯಾವುದೋ ಫೋನ್ ಬರೆದಿದೆ, ಇಲ್ಲಾ ಯಾರೋ ಬರೆದುಕೊಟ್ಟಿದಾರೆ. ತೊಂಬತ್ತೆಂಟರಲ್ಲಿ ಒಬ್ಬಳನ್ನ ಹೀಗೇ ಹಿಡಿದಿದ್ದೆ, ನೆನಪಿದೆಯಾ? ಕಾಲಿಪಾ ಅಂತ, ಕುರಿಗಾಹಿ ಮಗಳು. ಬೇಸಗೆಯೆಲ್ಲ ಗುಡ್ಡದ ಮೇಲಿದ್ದು ಅಕ್ಟೋಬರ್‌ನಲ್ಲಿ ಇಳಿದು ಬಂದೋಳು, ಒಂದು ತಪ್ಪಿಲ್ದೆ ಪುಟ ಬರೆದ್ಲು. ಆ ವರ್ಷ ಅಂಚೆಯವನ ಮನೇಲಿ ಸ್ವಯಂಸೇವೆಗೆ ಬಂದ ಆ ಅಮೆರಿಕದ ಹುಡುಗಿ ಇದ್ಲಲ್ಲ, ಅವಳಿಗೆ ದಿನಾ ಕೆನೆ ಕೊಡೋಕೆ ಹೋಗ್ತಿದ್ದೋಳು ಇವಳೇ. ಲೆಕ್ಕ ಸರಿಹೋಯ್ತು. ಎರಡು ಹಾಕಿದೆ. ಚಳಿಗಾಲದ ರಜೆ ಮುಗಿದ್ಮೇಲೆ ಶಾಲೆ ಕಡೆ ತಲೆ ಹಾಕ್ಲಿಲ್ಲ. ತಪ್ಪು ಮಾಡಿದೋರು ನಿಲ್ಲಲ್ಲ, ಓಡ್ತಾರೆ."

ನಮ್ಮಲ್ಲಿ ಐದಕ್ಕೆ ಎರಡು ಎಂದರೆ ಫೇಲು. ಮಾರ್ಲೆನ್ ತಟ್ಟೆಯಿಂದ ಕರಿದ ಹಿಟ್ಟಿನ ಬೌರ್ಸಾಕ್ ಒಂದನ್ನು ಬಾಯಿಗೆ ಹಾಕಿಕೊಂಡ. ಎಜೆ ಪೆನ್ನು ತೆಗೆದು, ಸ್ಪರ್ಧೆಯ ದಾಖಲೆಯ ಹಾಳೆಯಲ್ಲಿ ಹದಿನೇಳರ ಎದುರು ಸೊನ್ನೆ ಹಾಕಿ, ಷರಾ ಕಾಲಮಿನಲ್ಲಿ "ಬೇರೆಯವರದು" ಎಂದು ಬರೆದು ಸಹಿ ಮಾಡಿದರು. ನಿಯಮದ ಪ್ರಕಾರ ಹುಡುಗಿಗೆ ಮೂರು ದಿನ ಟೈಮು. ಬಂದು ತನ್ನದೇ ಎಂದು ತೋರಿಸಿಕೊಡಬೇಕು, ಇಲ್ಲವಾದರೆ ಸೀಟಿನ ಆಸೆ ಬಿಡಬೇಕು.

ಮೂರನೆಯ ದಿನ ಮಧ್ಯಾಹ್ನ ಅವಳು ಬಂದಳು. ಹೆಸರು ಅಕ್ಮರಾಲ್, ಹದಿನೇಳು ವರ್ಷ, ಚಳಿಗೆ ಒಡೆದ ಕೆನ್ನೆ. ಜೊತೆಗೆ ಬಂದ ತಾಯಿಯನ್ನು ಎಜೆ ಬಾಗಿಲಲ್ಲೇ ತಡೆದು, ಮುಖ ಕೂಡ ಸರಿಯಾಗಿ ನೋಡದೆ, "ನೀವು ಪಡಸಾಲೇಲಿ ಇರಿ, ಕಣ್ಸನ್ನೆ ಗಿಣ್ಸನ್ನೆ ಬೇಡ" ಎಂದರು. ತಾಯಿ ಬೆಂಚಿನ ಮೇಲೆ ಕೂತು, ಚೀಲದಿಂದ ಅರ್ಧ ಹೊಲಿದ ಉಣ್ಣೆಯ ಕಂಬಳಿ ತುಂಡು ತೆಗೆದು ಹೊಲಿಯತೊಡಗಿದಳು.

ಒಳಗೆ ಎಜೆ ಹುಡುಗಿಯ ಅಂಗಿಯ ತೋಳು ಮಡಿಸಿ ನೋಡಿದರು, ತಲೆವಸ್ತ್ರ ಸರಿಸಿ ಕಿವಿಯೊಳಗೆ ಇಣುಕಿದರು, ಅವಳ ಪೆನ್ನು ಕಿತ್ತುಕೊಂಡು ತಮ್ಮದು ಕೊಟ್ಟರು.

"ಎಜೆ, ಶೂ ಕೂಡ ಬಿಚ್ಚಿಸ್ತೀರಾ?" ಎಂದ ಮಾರ್ಲೆನ್.

"ಬಿಚ್ಚು," ಎಂದರು ಎಜೆ ಹುಡುಗಿಗೆ.

ಅಕ್ಮರಾಲ್ ಬರಿಗಾಲಲ್ಲಿ ಕೂತು ಹೊಸ ವಿಷಯದ ಮೇಲೆ ಒಂದು ಪುಟ ಬರೆದಳು. ಎಜೆ ಓದಿದರು. ಒಂದೂ ತಪ್ಪಿಲ್ಲ. ಅವರ ಅನುಮಾನ ಇಳಿಯುವ ಬದಲು ಇನ್ನೂ ಏರಿತು. ಬಾಯಿಪಾಠ ಮಾಡಿಸಿ ಕಳಿಸಿರಬಹುದಲ್ಲ. ಬಾಯಿಪಾಠ ಮಾಡಲಾಗದ್ದನ್ನೇ ಕೇಳಬೇಕು.

"ಎದ್ದು ನಿಲ್ಲು. ಇವತ್ತು ಎದ್ದಾಗಿಂದ ಇಲ್ಲಿವರೆಗೆ ಮಾಡಿದ ಮೂರು ಕೆಲಸ ಹೇಳು. ಇಂಗ್ಲಿಷಲ್ಲಿ. ಈಗಲೇ."

ಹುಡುಗಿ ಎದ್ದಳು. ತಣ್ಣನೆಯ ನೆಲದಲ್ಲಿ ಕಾಲು ಬದಲಿಸುತ್ತ, ನಾನು ಗಾಡಿಗೆ ಕುದುರೆ ಹೂಡಿದೆ, ಎಂದಳು. ನಾನು ಅಮ್ಮನನ್ನು ನದಿ ದಾಟಿಸಿದೆ, ಎಂದಳು. ನಾನು ನಿಮ್ಮ ಮುಂದೆ ಶೂ ಬಿಚ್ಚಿದೆ, ಎಂದಳು. ಒಂದೊಂದು ವಾಕ್ಯ ಮುಗಿದಾಗಲೂ ಅವಳ ನಡುಬೆರಳು ತಾನಾಗಿಯೇ ಮೇಜನ್ನು ಒಮ್ಮೆ ತಟ್ಟಿತು.

ಮಾರ್ಲೆನ್ ಗಹಗಹಿಸಿ ನಕ್ಕ. ಎಜೆ ನಗಲಿಲ್ಲ. ಅವರು ನೋಡುತ್ತಿದ್ದುದು ಆ ಬೆರಳನ್ನು.

"ಈ ತಟ್ಟೋದು ಎಲ್ಲಿ ಕಲಿತೆ?" ಎಂದರು. "ನನ್ನ ಕ್ಲಾಸಲ್ಲಿ ಕೂತೋರು ಬಿಟ್ಟು ಇನ್ಯಾರೂ ಹೀಗೆ ತಟ್ಟಲ್ಲ. ನಿನಗ್ಯಾರು ಹೇಳಿಕೊಟ್ಟೋರು? ನಿಜ ಹೇಳು."

"ನಮ್ಮಮ್ಮ. ಕಂಬಳಿ ಹೊಲಿಯುವಾಗ ನಾನೂ ಜೊತೇಲಿ ಕೂರಬೇಕು. ವಾಕ್ಯ ಪೂರ್ತಿ ಆಗ್ದೆ ಅವಳು ದಾರ ಎಳೆಯಲ್ಲ. ನನ್ನದು ಅರ್ಧಕ್ಕೆ ನಿಂತರೆ ಅವಳ ಸೂಜಿನೂ ಅಲ್ಲೇ ನಿಲ್ಲತ್ತೆ."

ಬಾಗಿಲು ತೆರೆಯಿತು. ತಾಯಿ ಕರೆಯದೆಯೇ ಒಳಗೆ ಬಂದಿದ್ದಳು. ಬೆರಳಿಗೆ ಹಾಕಿದ್ದ ಬೆರಳುಟೋಪಿಯನ್ನು ತೆಗೆದಿರಲಿಲ್ಲ. ನಲವತ್ತು ದಾಟಿದ ಆ ಮುಖವನ್ನು ಎಜೆ ಈಗ ಸರಿಯಾಗಿ ನೋಡಿದರು.

"ಕಾಲಿಪಾ," ಎಂದರು.

"ನಾನೇ ಎಜೆ. ಚೆನ್ನಾಗಿದೀರಾ? ಬಾಗಿಲಲ್ಲಿ ಗುರುತು ಹಿಡಿಯಲಿಲ್ಲ ನೀವು." ಅವಳು ಚೀಲದಿಂದ ಹಸಿರು ರಟ್ಟಿನ ಒಂದು ಹಳೆಯ ನೋಟುಬುಕ್ಕು ತೆಗೆದು ಮೇಜಿನ ಮೇಲಿಟ್ಟಳು. "ಸಾಕ್ಷಿ ಕೇಳ್ತೀರಿ ಅಂತ ಗೊತ್ತಿತ್ತು. ತಂದಿದೀನಿ. ಇವಳು ಕಲಿತಿದ್ದು ಇದರಲ್ಲೇ."

ನೋಟುಬುಕ್ಕಿನ ಅಂಚುಗಳಿಗೆ ಬಟ್ಟೆಯ ಪಟ್ಟಿ ಹೊಲಿದಿತ್ತು. ಒಳಗೆ ಹದಿನಾರು ವರ್ಷದ ಹುಡುಗಿಯೊಬ್ಬಳ ದುಂಡನೆಯ ಅಕ್ಷರ, ಗುಡ್ಡದ ಮೇಲಿನ ಬೇಸಗೆ, ಪುಟದ ಕೊನೆಗೆ ಕೆಂಪು ಶಾಯಿಯಲ್ಲಿ ದೊಡ್ಡದೊಂದು ಎರಡು. ಅದರ ಕೆಳಗೆ "ಬೇರೆಯವರದು. ಜೂರಾಕಾನ್."

"ಅಪ್ಪನಿಗೆ ತೋರಿಸಿದೆ," ಎಂದಳು ಕಾಲಿಪಾ. ದನಿಯಲ್ಲಿ ಅಳುವೂ ಇಲ್ಲ, ಸಿಟ್ಟೂ ಇಲ್ಲ; ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡು ಸವೆದುಹೋದ ಮಾತು. "ಕದ್ದು ಬರೆಯೋ ಮಗಳಿಗೆ ಶಾಲೆ ಯಾಕೆ ಅಂದ. ಕುರಿ ಜೊತೆ ತಾಶ್‌ಬೆಲ್‌ಗೆ ಕಳಿಸಿದ. ಅಲ್ಲೇ ಮದುವೆ ಆಯ್ತು. ನಾನೇನೂ ಹೇಳೋಕೆ ನಿಮ್ಮ ಹತ್ರ ಬರಲಿಲ್ಲ ಎಜೆ. ಟೀಚರ್ ಬರೆದ ಮೇಲೆ ಮುಗೀತಲ್ಲ."

"ಬೇಸಗೆಯೆಲ್ಲ ಗುಡ್ಡದ ಮೇಲೆ ಅಭ್ಯಾಸ ಮಾಡಿದ್ದೆ, ಕುರಿಗಳಿಗೆ ಇಂಗ್ಲಿಷಲ್ಲಿ ಹೇಳಿ ಹೇಳಿ," ಎಂದೂ ಸೇರಿಸಿದಳು. "ಅವು ಅನುಮಾನ ಪಡಲಿಲ್ಲ."

ಮಾರ್ಲೆನ್ ಕಿಟಕಿಯ ಕಡೆ ತಿರುಗಿದ. ಎಜೆ ನೋಟುಬುಕ್ಕಿನ ಕೆಂಪು ಎರಡನ್ನೇ ನೋಡುತ್ತಿದ್ದರು. ಅವರಿಗೆ ನೆನಪಾಗುತ್ತಿದ್ದುದು ಆ ಎರಡು ಹಾಕಿದ ನಂತರದ ವಾರ. ಆ ಅಮೆರಿಕದ ಹುಡುಗಿಯನ್ನು ತರಗತಿಗೆ ಕರೆಸಿದ್ದರು. ಮಕ್ಕಳು ಒಂದು ಗಂಟೆ ಪ್ರಶ್ನೆ ಕೇಳಿದರು. ಅವಳು, ಹೂಂ, ಎಂದಳು. ಇರಬಹುದು, ಎಂದಳು. ಕುದುರೆ? ಅಯ್ಯೋ, ಇಷ್ಟ, ಎಂದಳು. ಒಂದು ಗಂಟೆಯಲ್ಲಿ ಪೂರ್ತಿ ವಾಕ್ಯ ಎಂಬುದು ಅವಳ ಬಾಯಿಂದ ಬೀಳಲಿಲ್ಲ. ಮಕ್ಕಳಿಗೆ ನೆನಪಿಗೆಂದು ಕರಿಹಲಗೆಯ ಮೇಲೆ ಬರೆದುಕೊಟ್ಟ ನಾಲ್ಕು ಸಾಲೂ ಹಾಗೆಯೇ ಅರ್ಧಂಬರ್ಧ ಇದ್ದವು. ಕಾಲಿಪಾಳ ಪುಟವನ್ನು ಬರೆಯಲು ಅವಳಿಂದ ಸಾಧ್ಯವೇ ಇರಲಿಲ್ಲ.

ಎಜೆಗೆ ನಾಚಿಕೆಯಾಯಿತು. ಅರವತ್ತಾರು ವರ್ಷದಲ್ಲಿ ಇಂಥ ನಾಚಿಕೆ ಅವರಿಗೆ ಆಗಿರಲಿಲ್ಲ. ಸುಮ್ಮನೆ ಮರೆತುಹೋಯಿತು ಎಂದರೆ ನಡೆಯುತ್ತಿತ್ತು. ಆ ಕೋಣೆಯಲ್ಲಿ ಯಾರೂ ಅದನ್ನು ಪ್ರಶ್ನಿಸುತ್ತಿರಲಿಲ್ಲ.

"ಆ ಅಮೆರಿಕದೋಳು ತರಗತಿಗೆ ಬಂದಿದ್ಲಲ್ಲ," ಎಂದು ಶುರುಮಾಡಿ ನಿಲ್ಲಿಸಿದರು. ಕಾಲಿಪಾ ಕಾಯುತ್ತಿದ್ದಳು. ಅರ್ಧಕ್ಕೆ ಬಿಡುವ ಹಾಗಿರಲಿಲ್ಲ.

"ಆ ಮಧ್ಯಾಹ್ನವೇ ನಾನು ನಿಜ ತಿಳ್ಕೊಂಡೆ," ಎಂದರು.

ಕಾಲಿಪಾಳ ಬೆರಳುಟೋಪಿ ಮೇಜಿನ ಮೇಲೆ ಟಕ್ ಎಂದಿತು.

"ನಾನು ಬಾಯಿ ಮುಚ್ಕೊಂಡೆ."

ಟಕ್.

"ನಾನು ನನ್ನ ರಿಜಿಸ್ಟರ್ ಉಳಿಸ್ಕೊಂಡೆ."

ಮೂರನೆಯ ಸಲ ಬೆರಳುಟೋಪಿ ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಮೆಲ್ಲಗೆ ಇಳಿಯಿತು.

ಜೂರಾಕಾನ್ ಎಜೆ ಸ್ಪರ್ಧೆಯ ಹಾಳೆಯನ್ನು ಎಳೆದುಕೊಂಡರು. ಹದಿನೇಳರ ಎದುರಿನ ಸೊನ್ನೆಗೆ ಒಂದು ಗೆರೆ ಹೊಡೆದು ಮೇಲೆ ಐದು ಬರೆದರು, "ಬೇರೆಯವರದು" ಎಂಬುದಕ್ಕೆ ಗೆರೆ ಹೊಡೆದು ಮೇಲೆ "ಸ್ವಂತದ್ದು" ಎಂದು ಬರೆದರು. ಪಕ್ಕದಲ್ಲಿ, ಬದುಕಿನಲ್ಲಿ ಮೊದಲ ಸಲ, "ತಿದ್ದಿದ್ದನ್ನು ನಂಬತಕ್ಕದ್ದು" ಎಂದು ಬರೆದು, ಸಹಿ ಮತ್ತು ತಾರೀಖು ಹಾಕಿದರು. ಮಾರ್ಲೆನ್ ಬಂದು ಮುದ್ರೆ ಒತ್ತಿದ.

"ನಿನ್ನ ಮಗಳಿಗೇ ಮೊದಲ ಸ್ಥಾನ," ಎಂದರು ಎಜೆ. ಆಮೇಲೆ ಮಾರ್ಲೆನ್ ಕಡೆ ನೋಡಿ, "ತೊಂಬತ್ತೆಂಟರ ನನ್ನ ರಿಜಿಸ್ಟರ್ ತೆಗೆಸು" ಎಂದರು.

"ಎಲ್ಲಿಂದ ತೆಗೆಸ್ಲಿ ಎಜೆ? ಆ ಕಾಲದ ಕಾಗದ ಪತ್ರ ಎಲ್ಲ ಬಾಯ್ಲರ್ ಕೋಣೆಯ ಒಲೆಗೆ ಹೋಗಿ ಆರು ವರ್ಷ ಆಯ್ತು."

ಹೊಸ ಟೀಚರುಗಳಿಗೆ ಬಿಚ್ಚಿ ತೋರಿಸುತ್ತಿದ್ದ ಆ ಹಾಳೆಗಳು ಒಂದು ಬೆಳಗಿನ ಬಿಸಿಗೂ ಸಾಲದೆ ಬೂದಿಯಾಗಿದ್ದವು. ಎಜೆ ಪೆನ್ನು ಹಿಡಿದುಕೊಂಡೇ ಕೂತರು. ಬರೆಯಬೇಕಾದ ಜಾಗವೇ ಇರಲಿಲ್ಲ.

ಕಾಲಿಪಾ ಹಸಿರು ನೋಟುಬುಕ್ಕನ್ನು ಅವರ ಮುಂದಕ್ಕೆ ತಳ್ಳಿದಳು.

"ಇದರಲ್ಲಿ ಇನ್ನೂ ಇದೆಯಲ್ಲ," ಎಂದಳು.

ಎಜೆ ಆ ದೊಡ್ಡ ಎರಡಕ್ಕೆ ಒಂದೇ ಗೆರೆ ಹೊಡೆದರು. ಮೇಲೆ ಐದು ಬರೆದರು. "ಬೇರೆಯವರದು" ಎಂಬುದನ್ನೂ ಹೊಡೆದು "ಕಾಲಿಪಾಳದು" ಎಂದು ಬರೆದರು. ತಿದ್ದಿದ್ದನ್ನು ನಂಬತಕ್ಕದ್ದು, ಜೂರಾಕಾನ್. ನೋಟುಬುಕ್ಕನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು.

ಕಾಲಿಪಾ ತಕ್ಷಣ ಚೀಲಕ್ಕೆ ಹಾಕಿಕೊಳ್ಳಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು, ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದಿದಳು, ಎಜೆ ತಕ್ಕಡಿ ನೋಡುವಷ್ಟೇ ನಿಧಾನವಾಗಿ. ಓದಿ ಮುಗಿಸಿ ಮತ್ತೆ ಮೇಜಿನ ಮೇಲಿಟ್ಟಳು.

"ತಾರೀಖು ಹಾಕಿಲ್ಲ ಎಜೆ."

ಎಜೆ ಪೆನ್ನು ಎತ್ತಿದವರು ಹಾಗೇ ತಡೆದರು. "ಯಾವತ್ತಿಂದು ಹಾಕ್ಲಿ?"

"ಇವತ್ತಿಂದೇ ಹಾಕಿ," ಎಂದಳು ಕಾಲಿಪಾ. "ಆವತ್ತಿಂದು ಹಾಕಿದ್ರೆ ನಾನು ನಂಬಲ್ಲ."

ಜೂರಾಕಾನ್ ಎಜೆ ಇವತ್ತಿನ ತಾರೀಖು ಹಾಕಿದರು.