ಮಿಕ್ಸರ್ ಹೊತ್ತುಕೊಂಡು ಬೆಜವಾಡಕ್ಕೆ

ವಿಶಾಖಪಟ್ಟಣದ ಸ್ಟೇಷನ್ನಿನಲ್ಲಿ ಕೂಲಿಯಾತ ನನ್ನ ಗಂಟನ್ನು ಒಮ್ಮೆ ಎತ್ತಿ, ತಕ್ಷಣ ಕೆಳಗಿಟ್ಟು, "ಹಾಸಿಗೆ ಅಂದ್ರಲ್ಲ ಸಾರ್, ಒಳಗೆ ಯಾರು ಮಲಗಿದ್ದಾರೆ?" ಎಂದು ತೆಲುಗಿನಲ್ಲಿ ಕೇಳಿದ.

ಹಾಸಿಗೆಯ ಒಳಗಿದ್ದದ್ದು ನನ್ನ ಸೌಂಡ್ ಮಿಕ್ಸರ್. ವೇದಿಕೆಯ ಮೈಕುಗಳ ತಂತಿಗಳೆಲ್ಲ ಬಂದು ಸೇರುವುದು ಈ ಹಲಗೆಗೆ. ಯಾವ ದನಿ ಎಷ್ಟು ಕೇಳಬೇಕು ಎಂಬುದನ್ನು ಇದರ ಮುಂದೆ ಕೂತವನು ತೀರ್ಮಾನಿಸುತ್ತಾನೆ. ಹಗಲು ನಾನು ಸರ್ಕಾರಿ ಕಾರ್ಖಾನೆಯೊಂದರಲ್ಲಿ ಮೀಟರು ರಿಪೇರಿ ಮಾಡುವವನು. ಗದಗಿನಿಂದ ನೌಕರಿಗೆ ಬಂದು ಟೌನ್‌ಶಿಪ್ಪಿನ ಕ್ವಾರ್ಟರ್ಸಿನಲ್ಲಿ ಸಂಸಾರ ಹೂಡಿದ್ದೆ. ಸಂಜೆ ಮತ್ತು ಭಾನುವಾರಗಳನ್ನು ಸುರಿದು, ಮೂರು ವರ್ಷ ಬೆಸುಗೆ ಹಾಕಿ ಹಾಕಿ ಈ ಹನ್ನೆರಡು ಚಾನಲ್ಲಿನ ಮಿಕ್ಸರನ್ನು ಕೈಯಾರೆ ಕಟ್ಟಿದ್ದೆ. ಎಂಬತ್ತರ ದಶಕದ ಕೊನೆಯ ಒಂದು ಮೇ ತಿಂಗಳಲ್ಲಿ ಅದು ಸಿಂಗಪುರಕ್ಕೆ ಹೊರಟಿತ್ತು. ಹೊರಟಿತ್ತು ಎಂದರೆ, ನನ್ನ ಮಟ್ಟಿಗೆ ಹೊರಟಿತ್ತು.

ಸಿಂಗಪುರದ ತೆಲುಗರು ವಿಜಯವಾಡದ, ಅಂದರೆ ಹಳಬರ ಬಾಯಲ್ಲಿ ಬೆಜವಾಡದ, ಕೂಚಿಪೂಡಿ ತಂಡವೊಂದನ್ನು ಕರೆಸಿಕೊಂಡಿದ್ದರು. ತಂಡದ ಗುರು ಅನ್ನಪೂರ್ಣಮ್ಮ ಗಾರು. ವಿಶಾಖಪಟ್ಟಣದ ಅವರ ಕಾರ್ಯಕ್ರಮಗಳಿಗೆಲ್ಲ ಧ್ವನಿ ನೋಡಿಕೊಂಡವನು ನಾನೇ ಆದ್ದರಿಂದ ನನ್ನನ್ನೂ ಸೇರಿಸಿ ಹನ್ನೊಂದು ಜನರ ಪಟ್ಟಿ ಮಾಡಿದ್ದರು. ಆದರೆ ಅಲ್ಲಿನ ಸಭಾಂಗಣದಲ್ಲಿ ಮಿಕ್ಸರ್ ಇದೆ ಎಂದು ಕಾಗದ ಬಂದಿತ್ತು. ನನಗೆ ಅದು ಹಿಡಿಸಲಿಲ್ಲ. ಗೆಜ್ಜೆಯ ಸದ್ದಿಗೆಂದೇ ನನ್ನದರಲ್ಲಿ ಎರಡು ಚಾನಲ್ ಬೇರೆ ತೆಗೆದಿದ್ದೆ. ಕತ್ತಲಲ್ಲೂ ನನ್ನ ಬೆರಳಿಗೆ ಅದರ ಗುಂಡಿಗಳು ಗೊತ್ತು. "ಮಿಕ್ಸರ್ ಬರದಿದ್ದರೆ ನಾನೂ ಬರುವುದಿಲ್ಲ" ಎಂದು ಫೋನಿನಲ್ಲಿ ಜಂಬದಿಂದ ಹೇಳಿಬಿಟ್ಟೆ. ಅನ್ನಪೂರ್ಣಮ್ಮ ಗಾರು ಶಾಂತವಾಗಿ, "ತೆಗೆದುಕೊಂಡು ಬಾ ಬಾಬು. ಹೊರಡುವ ಹಿಂದಿನ ದಿನ ಇಲ್ಲಿ ಒಂದು ಪ್ರದರ್ಶನ ಇದೆ. ಅದನ್ನು ಕೇಳಿ ಹೇಳುತ್ತೇನೆ" ಎಂದರು. ಅಷ್ಟರಲ್ಲಿ ನನ್ನ ಹೆಂಡತಿ ಇಡೀ ಟೌನ್‌ಶಿಪ್ಪಿಗೆ ಸುದ್ದಿ ಹಂಚಿ ಆಗಿತ್ತು.

ಹೊರಡುವ ಮುನ್ನ ಬಂದರಿನ ಕಸ್ಟಮ್ಸ್ ಕಚೇರಿಗೆ ವಿಚಾರಿಸಲು ಹೋಗಿದ್ದೆ. ಹೋಗುವಾಗ ಕಾಗದ ಬರೆಸಿಕೊಳ್ಳದಿದ್ದರೆ ಬರುವಾಗ ಅದನ್ನು ಫಾರಿನ್ ಮಾಲು ಎಂದು ಸುಂಕ ಕೇಳುತ್ತಾರಂತೆ. ಅಲ್ಲಿದ್ದ ಹಿರಿಯ ಅಧಿಕಾರಿ, "ಯಾವ ಕಂಪನಿ?" ಎಂದರು. "ನಾನೇ ಸಾರ್" ಎಂದೆ. ಅವರು ಕನ್ನಡಕ ತೆಗೆದು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹಾಗಾದರೆ ಅದರ ಮೇಲೆ ಒಂದು ನಂಬರ್ ಕೊರೆಸಿಕೊಳ್ಳಿ. ವಿಮಾನ ಹತ್ತುವಾಗ ಮದರಾಸಿನಲ್ಲಿ ನಂಬರ್ ನೋಡಿ ಕಾಗದ ಕೊಡುತ್ತಾರೆ" ಎಂದು ಸಲಹೆ ಕೊಟ್ಟರು.

ಸಾಮಾನು ಸಾಗಿಸುವ ಬ್ರೇಕ್ ವ್ಯಾನಿಗೆ ಹಾಕಲು ಮನಸ್ಸು ಬಾರದೆ ಸೆಕೆಂಡ್ ಕ್ಲಾಸಿನಲ್ಲೇ ಇಟ್ಟುಕೊಂಡೆ. ಮುನ್ನೂರೈವತ್ತು ಕಿಲೋಮೀಟರು, ಹೆಚ್ಚುಕಡಿಮೆ ಏಳು ಗಂಟೆಯ ದಾರಿ. ಬೆಳಗಿನ ರೈಲಾದರೂ ತುನಿ ಬರುವಷ್ಟರಲ್ಲಿ ಕಿಟಕಿಯ ಸರಳು ಮುಟ್ಟಿದರೆ ಸುಡುತ್ತಿತ್ತು. ಸಾಮರ್ಲಕೋಟೆಯಲ್ಲಿ ನಾನು ಇಡ್ಲಿ ಕೊಳ್ಳಲು ಕೆಳಗಿಳಿದು ಹತ್ತುವಷ್ಟರಲ್ಲಿ ಅಜ್ಜಿಯೊಬ್ಬರು ಮಿಕ್ಸರಿನ ಮೇಲೆ ಆರಾಮವಾಗಿ ಕೂತಿದ್ದರು. "ಮೆತ್ತಗಿದೆ ನಾಯನಾ" ಎಂದು ನಕ್ಕರು. ನನ್ನ ಸೀಟು ಅವರಿಗೆ ಕೊಟ್ಟು, ಗೋದಾವರಿಯ ಉದ್ದನೆಯ ಸೇತುವೆಯನ್ನೂ ಏಲೂರನ್ನೂ ನಿಂತೇ ದಾಟಿದೆ. ಕಾಲು ನೋಯುತ್ತಿತ್ತು, ಆದರೂ ಖುಷಿಯಲ್ಲಿ ಶಿಳ್ಳೆ ಹಾಕುತ್ತಿದ್ದೆ.

ವಿಜಯವಾಡದ ಸ್ಟೇಷನ್ನಿಗೆ ವೆಂಕಣ್ಣ ಬಂದಿದ್ದ. ಗದಗಿನಲ್ಲಿ ನನ್ನ ಜೊತೆ ಓದಿದವನು, ಈಗ ಅಲ್ಲಿ ಬ್ಯಾಂಕ್ ಆಫೀಸರ್. ವರ್ಗವಾಗಿ ಬಂದು ಆರು ವರ್ಷವಾದರೂ ಬಾಯಿ ಮಾತ್ರ ಇನ್ನೂ ಗದಗಿನದೇ. "ಏನೋ ಇದು, ಹಾಸಿಗಿ ಸುತ್ತಿ ವಿಮಾನ ಹತ್ತಸ್ತೀಯೇನು? ನಡಿ, ನಾಳೆ ಆಟೋನಗರಕ್ಕ ಹೋಗಿ ಗಟ್ಟಿ ಪೆಟಗಿ ಮಾಡ್ಸೂಣು" ಎಂದ.

ಆಟೋನಗರದಲ್ಲಿ ಲಾರಿಗಳಿಗೆ ಬಾಡಿ ಕಟ್ಟುವ ಮಸ್ತಾನ್ ಎಂಬ ಮೇಸ್ತ್ರಿಗೆ ಅಳತೆ ಕೊಟ್ಟೆವು. ಸಂಜೆ ಹೋಗಿ ನೋಡಿದರೆ ಕಬ್ಬಿಣದ ಆಂಗಲ್ ಹೊಡೆದ, ಮುಕ್ಕಾಲು ಇಂಚು ಹಲಗೆಯ ಪೆಟ್ಟಿಗೆ. ಕೊಕ್ಕೆಗಳೂ ಲಾರಿಯ ಹಿಂಬಾಗಿಲಿನವೇ. ಇಬ್ಬರೂ ಸೇರಿ ಎತ್ತಲು ಹೋದರೆ ಅಲುಗಲಿಲ್ಲ. "ಗ್ಯಾರಂಟಿ ಸಾರ್, ಮೇಲಿಂದ ಬಿದ್ದರೂ ಇದಕ್ಕೇನೂ ಆಗೋದಿಲ್ಲ" ಎಂದ ಮಸ್ತಾನ್. "ವಿಮಾನಕ್ಕೇ ಏನಾರ ಆದೀತು" ಎಂದ ವೆಂಕಣ್ಣ. ಕೊನೆಗೆ ಅದನ್ನು ಬಿಚ್ಚಿಸಿ, ಲಾರಿಯ ಕ್ಯಾಬಿನ್ನಿಗೆ ಹೊಡೆಯುವ ತೆಳು ಅಲ್ಯೂಮಿನಿಯಂ ತಗಡಿನಲ್ಲಿ ಬೇರೆ ಮಾಡಿಸಿದೆವು. ಲಾರಿಯ ಚೌಕಟ್ಟಿಗೆ ನಂಬರ್ ಹೊಡೆಯುವ ಉಳಿಯಲ್ಲಿ ಮಿಕ್ಸರಿಗೂ ನಂಬರ್ ಹೊಡೆಯಲು ಹೇಳಿ, "ಒಂದು ಅಂತ ಹಾಕು" ಎಂದೆ. ಮಸ್ತಾನ್ ತಲೆಯಾಡಿಸಿದ. "ಒಂದು ಅಂದರೆ ಯಾರು ನಂಬುತ್ತಾರೆ ಸಾರ್?" ಎಂದು ಠಣಠಣ ಬಡಿದು ೪೦೧೭ ಮಾಡಿಬಿಟ್ಟ. ಹೀಗೆ ಜಗತ್ತಿನಲ್ಲಿ ಒಂದೇ ಒಂದು ಇದ್ದ ನನ್ನ ಮಿಕ್ಸರಿಗೆ ನಾಲ್ಕು ಸಾವಿರ ಅಣ್ಣಂದಿರು ಹುಟ್ಟಿಕೊಂಡರು.

ಮೂರನೆಯ ದಿನ ಬೆಳಿಗ್ಗೆ ಅನ್ನಪೂರ್ಣಮ್ಮ ಗಾರು ಅವರ ಮನೆಯಲ್ಲಿ ಪೂಜೆ. ದೂರದ ಪ್ರಯಾಣಕ್ಕೆ ಮುನ್ನ ಗೆಜ್ಜೆ, ತಾಳ, ಮೃದಂಗ, ಪಿಟೀಲು, ವೀಣೆಗಳನ್ನು ಸಾಲಾಗಿ ಇಟ್ಟು ಪೂಜಿಸುವುದು ಅವರ ಪದ್ಧತಿ. ನಾನು ಮೂಲೆಯಲ್ಲಿ ನಿಂತಿದ್ದೆ. ಅವರು ತಿರುಗಿ, "ನಿನ್ನ ವಾದ್ಯ ಎಲ್ಲಿ ಬಾಬು?" ಎಂದರು. ಅಷ್ಟು ವರ್ಷ ಧ್ವನಿಯ ಕೆಲಸ ಮಾಡಿದ್ದೇನೆ, ಯಾರೂ ಅದನ್ನು ವಾದ್ಯ ಎಂದಿರಲಿಲ್ಲ. ಓಡಿ ಹೋಗಿ ತಂದು ವೀಣೆಯ ಪಕ್ಕದಲ್ಲಿಟ್ಟೆ. ಹಿಗ್ಗಿನಲ್ಲಿ ಮುಚ್ಚಳವನ್ನೂ ತೆಗೆದೆ, ಗುಂಡಿಗಳೆಲ್ಲ ಕಾಣಲಿ ಎಂದು. ಅವರು ಅರಿಶಿನ ಕುಂಕುಮ ಇಟ್ಟು, ಕೈತುಂಬ ಅಕ್ಷತೆ ಹಾಕಿದರು. ನಾನು ಕಣ್ಣು ಮುಚ್ಚಿ ಕೈ ಮುಗಿದೆ.

ಸಂಜೆ ಪ್ರದರ್ಶನಕ್ಕೆ ಸಭಾಂಗಣ ತುಂಬಿತ್ತು. ಗಾಯಕಿ ಹಾಡು ಎತ್ತಿಕೊಂಡಳು. ಅವಳ ಚಾನಲ್ಲಿನ ಫೇಡರನ್ನು, ಅಂದರೆ ದನಿ ಏರಿಸಲು ಮೇಲಕ್ಕೆ ಜಾರಿಸುವ ಗುಂಡಿಯನ್ನು, ಸರಿಸಿದೆ. ಸ್ಪೀಕರಿನಲ್ಲಿ ಕರಕರ ಎಂದಿತು. ಮೃದಂಗದ್ದು ಸರಿಸಿದೆ, ಅದೂ ಕರಕರ. ಗೆಜ್ಜೆಯ ಚಾನಲ್ಲಂತೂ ಅರ್ಧದಲ್ಲೇ ಸಿಕ್ಕಿಕೊಂಡಿತು. ತಾಳ ಹಿಡಿದು ಕೂತಿದ್ದ ಅನ್ನಪೂರ್ಣಮ್ಮ ಗಾರು ನನ್ನತ್ತ ಒಮ್ಮೆ ನೋಡಿದರು. ಸಿಂಗಪುರ ಕೈತಪ್ಪಿತು ಎಂದುಕೊಂಡೆ.

ವಿರಾಮದಲ್ಲಿ ಅವರೇ ಇಳಿದು ಬಂದರು. "ಇದೇನು ಬಾಬು? ಸಿಂಗಪುರದ ಸಭಾಂಗಣದ್ದೇ ವಾಸಿ ಅನ್ನಿಸುತ್ತಿದೆ."

ಸ್ಕ್ರೂ ಬಿಚ್ಚಿ ಮೇಲಿನ ತಗಡು ಎತ್ತಿದೆ. ಫೇಡರುಗಳ ಸೀಳಿನೊಳಗೆ ಹಳದಿ ಅಕ್ಕಿಕಾಳು ಒಂದರ ಹಿಂದೊಂದು ಕೂತಿದ್ದವು, ಮೇಲೆ ಕುಂಕುಮದ ಪುಡಿ. "ಅಯ್ಯೋ ಮಾರಾಯಾ, ಅಕ್ಷತಿ ಒಳಗೂ ಬಿದ್ದಾವಲ್ಲೋ!" ಎಂದ, ಪ್ರದರ್ಶನ ನೋಡಲು ಬಂದಿದ್ದ ವೆಂಕಣ್ಣ. ಅನ್ನಪೂರ್ಣಮ್ಮ ಗಾರಿಗೆ ಕನ್ನಡ ಬಾರದು, ಕಣ್ಣು ಚೆನ್ನಾಗಿತ್ತು. ಒಂದು ಕಾಳನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡು, "ಇದು ನನ್ನ ಕೈಯಿಂದ ಆದದ್ದು" ಎಂದರು.

"ಮುಚ್ಚಳ ತೆಗೆದವನು ನಾನು ಅಮ್ಮಾ" ಎಂದೆ.

ಮುಖಕ್ಕೆ ಬಣ್ಣ ಹಚ್ಚುವವರಿಂದ ಸಣ್ಣ ಕುಂಚವನ್ನೂ, ಬಣ್ಣ ತೆಗೆಯುವ ಸ್ಪಿರಿಟನ್ನೂ ಅವರೇ ತಂದುಕೊಟ್ಟರು. ಹದಿನೈದು ನಿಮಿಷದಲ್ಲಿ ಒಂದೊಂದೇ ಸೀಳು ಒರೆಸಿ ಮುಗಿಸಿದೆ. ಎರಡನೆಯ ಭಾಗದಲ್ಲಿ ಹುಡುಗಿಯರು ಒಟ್ಟಿಗೆ ಕಾಲು ತಟ್ಟಿದಾಗ ಗೆಜ್ಜೆ ಹೇಗೆ ಕೇಳಿತೆಂದರೆ, ಹಿಂದಿನ ಸಾಲಿನವರು ಕತ್ತು ಚಾಚಿ ನೋಡಿದರು. ಪ್ರದರ್ಶನ ಮುಗಿದು ವೇದಿಕೆ ಇಳಿದು ಹೋಗುವಾಗ ಅನ್ನಪೂರ್ಣಮ್ಮ ಗಾರು ಕೇಳಿದ್ದು ಒಂದೇ ಮಾತು: "ತೂಕ ಎಷ್ಟು?"

ಮರುದಿನ ಬೆಳಿಗ್ಗೆ ಅವರ ಮನೆ ಪಕ್ಕದ ಅಕ್ಕಿ ಅಂಗಡಿಯ ತಕ್ಕಡಿಯಲ್ಲಿ ತೂಗಿದೆವು. ಪೆಟ್ಟಿಗೆ ಸೇರಿ ಮೂವತ್ತೊಂಬತ್ತು ಕಿಲೋ. ವಿಮಾನದಲ್ಲಿ ತಲೆಗೆ ಇಪ್ಪತ್ತು ಕಿಲೋ ಮಾತ್ರ. ನನ್ನ ಎರಡು ಜೊತೆ ಬಟ್ಟೆ ಹೆಗಲ ಚೀಲದಲ್ಲಿ ಹೋದರೂ ಹತ್ತೊಂಬತ್ತು ಕಿಲೋ ಹೆಚ್ಚಾಯಿತು. ಉಳಿದ ಹತ್ತು ಜನರ ಟ್ರಂಕುಗಳು ಮೊದಲೇ ತೂಗಿ ಇಪ್ಪತ್ತಕ್ಕೆ ಇಪ್ಪತ್ತು ತುಂಬಿದ್ದವು. ಎಲ್ಲರೂ ತಕ್ಕಡಿ ಸುತ್ತ ನಿಂತಿದ್ದರು. ಒಡವೆ ಬಿಡಿ ಎನ್ನಲೇ, ವೇಷ ಬಿಡಿ ಎನ್ನಲೇ? "ನಾನು ವಿಶಾಖಪಟ್ಟಣಕ್ಕೆ ಹೊರಡುತ್ತೇನೆ ಅಮ್ಮಾ. ಅಲ್ಲಿನ ಸಭಾಂಗಣದ ಮಿಕ್ಸರಿನಲ್ಲೇ ನಡೆಸಿಕೊಳ್ಳಿ" ಎಂದೆ.

ಅನ್ನಪೂರ್ಣಮ್ಮ ಗಾರು ತಮ್ಮ ಟ್ರಂಕಿನ ಬೀಗ ತೆಗೆದರು. ಸೀರೆಗಳ ನಡುವಿನಿಂದ, ಮೂರು ಪದರ ಪ್ಲಾಸ್ಟಿಕ್ ಸುತ್ತಿದ ಜಾಡಿಯೊಂದನ್ನು ಎರಡೂ ಕೈಯಲ್ಲಿ ಎತ್ತಿ ಅಂಗಡಿಯ ಕಟ್ಟೆಯ ಮೇಲಿಟ್ಟರು. ಸಿಂಗಪುರದಲ್ಲಿರುವ ಮಗಳಿಗೆಂದು ಆ ವಾರವಷ್ಟೇ ಹಾಕಿದ್ದ ಆವಕಾಯ ಉಪ್ಪಿನಕಾಯಿ. "ಎರಡು ಕಿಲೋ ಇದೆ, ಬರೆದುಕೊ" ಎಂದರು. ಆಮೇಲೆ ಸೀರೆಗಳನ್ನು ಸರಿ ಮಾಡುತ್ತಾ ಸ್ವಲ್ಪ ಹೊತ್ತು ತಲೆ ಎತ್ತಲಿಲ್ಲ.

ಮೃದಂಗದವರು ಉಸ್ಸೆಂದು ತಮ್ಮ ಟ್ರಂಕು ತೆರೆದರು. ತಮ್ಮನಿಗೆಂದು ಪುಂಡಿಸೊಪ್ಪಿನ ಗೋಂಗುರ ಇತ್ತು. ಗಾಯಕಿಯದು ಮಾವಿನ ಹೋಳು ಒಣಗಿಸಿ ಹಾಕಿದ ಮಾಗಾಯ. ಪಿಟೀಲಿನವರು, "ನಮ್ಮ ಅತ್ತೆಗೆ ಯಾರು ಉತ್ತರ ಕೊಡುತ್ತಾರೆ?" ಎಂದು ಗೊಣಗುತ್ತಲೇ ತೆಗೆದರು. ಹತ್ತು ಟ್ರಂಕಿನಿಂದ ಹತ್ತು ಜಾಡಿ ಬಂದವು, ಒಂದೂ ತಪ್ಪಲಿಲ್ಲ, ಒಟ್ಟು ಇಪ್ಪತ್ತು ಕಿಲೋ. ಆಂಧ್ರದಲ್ಲಿ ಇದ್ದು ಬಂದವರಿಗೆ ಇದರ ಬೆಲೆ ಹೇಳಬೇಕಾಗಿಲ್ಲ. ನಾನು ಎಲ್ಲರೆದುರು ಅತ್ತುಬಿಟ್ಟೆ, ಅದಕ್ಕೆ ನಾಚಿಕೆಯೂ ಇಲ್ಲ.

ಮಧ್ಯಾಹ್ನ ಮದರಾಸಿನ ರೈಲು ಹತ್ತಿದೆವು. ವೆಂಕಣ್ಣ ಹತ್ತೂ ಜಾಡಿಗಳನ್ನು ರಿಕ್ಷಾದಲ್ಲಿ ಹಾಕಿಕೊಂಡೇ ನೇರ ಸ್ಟೇಷನ್ನಿಗೆ ಬಂದಿದ್ದ. ಪ್ಲಾಟ್‌ಫಾರಂ ಮೇಲೆ ಅವು ಅವನ ಕಾಲ ಸುತ್ತ ನಿಂತಿದ್ದವು. ರೈಲು ಅಲುಗಿದಾಗ, "ಲೇ, ಇಷ್ಟನ್ನ ನಾ ಒಬ್ಬಾಂವ ಹೆಂಗ ತಿನ್ಲೋ!" ಎಂದು ಕೂಗಿದ. ನಾನು ನಕ್ಕು ಕೈ ಬೀಸಿ ಬೋಗಿಯೊಳಕ್ಕೆ ತಿರುಗಿದೆ. ಹತ್ತು ಜನರೂ ಕಿಟಕಿಗಳಿಗೆ ಮುಖ ಹಚ್ಚಿ ಪ್ಲಾಟ್‌ಫಾರಮ್ಮಿನ ಜಾಡಿಗಳತ್ತಲೇ ನೋಡುತ್ತಿದ್ದರು. ರೈಲು ಕೃಷ್ಣಾ ನದಿಯ ಸೇತುವೆಗೆ ಬಂದು ಊರು ಮರೆಯಾದ ಮೇಲೂ ಅನ್ನಪೂರ್ಣಮ್ಮ ಗಾರು ಕಿಟಕಿ ಬಿಟ್ಟು ಏಳಲಿಲ್ಲ.