ಪರವಾಗಿಲ್ಲಕ್ಕೆ ಮನೆಯಿಲ್ಲ

ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ಎಲ್ಲರೂ ಅವಳನ್ನು ಪ್ರಶ್ನೆ ಅಕ್ಕ ಎನ್ನುತ್ತಾರೆ. ಮಂಡಿಯನ್ನೋ ಸೊಂಟವನ್ನೋ ಕೊಯ್ದು ಕೂಡಿಸುವುದು ಡಾಕ್ಟರರ ಕೆಲಸ. ಆರು ತಿಂಗಳ ಮೇಲೆ ಆ ಮನುಷ್ಯನ ಬದುಕು ಹೇಗಿದೆ ಎಂದು ಕೇಳಿ, ಹನ್ನೆರಡು ಪ್ರಶ್ನೆಗಳ ಹಾಳೆಯಲ್ಲಿ ಗುರುತು ಹಾಕುವುದು ಅವಳ ಕೆಲಸ. ಎರಡನೆಯದೇ ಕಷ್ಟದ್ದು ಎಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಸಂಶಯವಿಲ್ಲ. ಯಾಕೆಂದರೆ ಏನು ಕೇಳಿದರೂ ಜನ ಹೇಳುವುದು ಒಂದೇ ಮಾತು: "ಪರವಾಗಿಲ್ಲ." "ಪರವಾಗಿಲ್ಲಕ್ಕೆ ನನ್ನ ಹಾಳೇಲಿ ಮನೆಯಿಲ್ಲ," ಎಂದು ಅವಳು ಪೆನ್ನಿನ ತುದಿಯಿಂದ ಖಾಲಿ ಚೌಕಗಳನ್ನು ತೋರಿಸುತ್ತಾಳೆ. "ಮೆಟ್ಟಿಲು ಹತ್ತೋಕಾಗುತ್ತಾ? ಸಾಕ್ಸ್ ನೀವೇ ಹಾಕ್ಕೋತೀರಾ, ಇಲ್ಲಾ ಯಾರಾದ್ರೂ ಹಾಕಬೇಕಾ?" ನಡುವೆ ರೋಗಿಯ ಹೆಂಡತಿ ಬಾಯಿ ಹಾಕಿದರೆ, "ಮಂಡಿ ನಿಮ್ದಾ, ಅವರ್ದಾ?" ಎಂದು ಸುಮ್ಮನಾಗಿಸುತ್ತಾಳೆ. ಕಲ್ಲನ್ನೂ ಮಾತಾಡಿಸಿಯಾಳು ಎಂಬ ಖ್ಯಾತಿ ಅವಳದು. ಎಕ್ಸ್‌ರೇ ನೋಡಿ "ಪಾಸ್" ಎನ್ನುವ ದೊಡ್ಡ ಡಾಕ್ಟರರಿಗೂ, "ಮೂಳೆ ಪಾಸು ಸರ್, ಮನುಷ್ಯ ಇನ್ನೂ ಪಾಸಾಗಿಲ್ಲ," ಎಂದುಬಿಡುತ್ತಿದ್ದಳು. ಹೋದ ವರ್ಷ ತಮ್ಮದೇ ಮಂಡಿ ಬದಲಾಯಿಸಿಕೊಳ್ಳುವ ತನಕ ಅವರು ಅದಕ್ಕೆ ನಗುತ್ತಿದ್ದರು. ಆರನೆಯ ತಿಂಗಳು ಅವಳೆದುರು ಕೂತು ಅವರೂ "ಪರವಾಗಿಲ್ಲಮ್ಮ" ಎಂದರು. ಅವಳು ಪೆನ್ನಿನ ತುದಿಯಿಂದ ಖಾಲಿ ಚೌಕಗಳನ್ನು ತೋರಿಸಿದಳು. "ಮೊಮ್ಮಗಳು ನೆಲದ ಮೇಲೆ ಆಡ್ತಾಳೆ," ಎಂದರು ಅವರು ಕೊನೆಗೆ, "ನಾನು ಕುರ್ಚೀಲಿ ಕೂತು ನೋಡ್ತೀನಿ." ಹಾಳೆಯಲ್ಲಿ ಅದಕ್ಕೆ ಪ್ರಶ್ನೆಯೇ ಇರಲಿಲ್ಲ. ಈಗ ಇದೆ, ಹನ್ನೆರಡರ ಜೊತೆಗೆ ಹದಿಮೂರನೆಯದು, ಡಾಕ್ಟರರೇ ಬರೆದು ಸೇರಿಸಿದ್ದು: "ನೆಲದ ಮೇಲೆ ಕೂರೋಕಾಗುತ್ತಾ?" ಎಕ್ಸ್‌ರೇಯನ್ನು ಬೆಳಕಿಗೆ ಹಿಡಿಯುವ ಮೊದಲು ಅವರೀಗ ತಪ್ಪದೆ ಕೇಳುತ್ತಾರೆ: "ಅಕ್ಕನ ಹಾಳೆ ಎಲ್ಲಿ?"