ಬಾಲ ಇಲ್ಲಿದೆ

ಬಂಡೆಯಂಚಿನ ದಾರಿಯಲ್ಲಿ ಪ್ರವಾಸಿಗರನ್ನು ನಡೆಸಿಕೊಂಡು ಹೋಗಿ, ಜಲಪಾತಗಳನ್ನು ತೋರಿಸಿ, ಸಂಜೆಯೊಳಗೆ ತಂದುಬಿಡುವುದು ಆ ಗಂಡ ಹೆಂಡತಿಯ ಕಸುಬು. ಕೋಲು ಹಿಡಿದು ಗಂಡ ಮುಂದೆ, ಎಲ್ಲರಿಗಿಂತ ಹಿಂದೆ ಹೆಂಡತಿ. ಒಂದು ಪಕ್ಕ ಬಂಡೆಗೋಡೆ, ಇನ್ನೊಂದು ಪಕ್ಕ ಪಾತಾಳ. ತಿರುವು ಬಂದಾಗಲೆಲ್ಲ ಆತ ನಿಂತು, "ಎಲ್ಲರೂ ಇದ್ದೀರಾ?" ಎಂದು ಕೂಗಬೇಕು. ಆಕೆ ಹಿಂದಿನಿಂದ, "ಬಾಲ ಇಲ್ಲಿದೆ!" ಎನ್ನಬೇಕು. ಬಾಲ ಓಗೊಟ್ಟ ಮೇಲೆಯೇ ತಲೆ ಮುಂದಕ್ಕೆ. ಮದುವೆಯಾದ ಹೊಸದರಲ್ಲಿ ತಮಾಷೆಗೆ ಹುಟ್ಟಿದ ಮಾತು ಬರಬರುತ್ತ ಕಟ್ಟಳೆಯೇ ಆಗಿಹೋಗಿತ್ತು.

ಈಚೆಗೆ ಆಕೆಯನ್ನು ಒಂದು ಅನುಮಾನ ಕೊರೆಯುತ್ತಿತ್ತು. ಹಾಲು ಉಕ್ಕಿ ಒಲೆಯ ಮೇಲೆ ಚೊರ್ರೆಂದರೂ ಪಕ್ಕದಲ್ಲೇ ಕೂತ ಗಂಡ ತಿರುಗಿ ನೋಡಿರಲಿಲ್ಲ. ಆದರೆ ಕರೆದರೆ ಓಗೊಡದ ಗಂಡ ಯಾವ ಮನೆಯಲ್ಲಿಲ್ಲ? ಗಂಡಸರ ಕಿವುಡು ಯಾವುದು, ಕಿವಿಯ ಕಿವುಡು ಯಾವುದು ಎಂದು ಬೇರೆ ಮಾಡುವುದು ಹೇಗೆ? ಕೇಳಿದರೆ, "ನಿನ್ನ ಮಾತು ಕೇಳಿ ಕೇಳಿ ಕಿವಿ ಸವೆದುಹೋಗಿದೆ ಕಣೆ," ಎಂದು ನಕ್ಕುಬಿಡುತ್ತಿದ್ದ.

ಆ ದಿನ ದೊಡ್ಡ ಜಲಪಾತದ ನೀರು ಅರ್ಧದಲ್ಲೇ ಗಾಳಿಗೆ ಸಿಕ್ಕಿ ಹೊಗೆಯಂತೆ ಹಾರುತ್ತಿತ್ತು. ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡಿದರು. ಅದನ್ನು ದಾಟಿ ಬಂದ ಮೇಲೆ ಮಂಜು ಕವಿಯಿತು. ಪ್ರವಾಸಿಗರಲ್ಲಿ ಕೊನೆಯವಳಾದ ದರ್ಜಿ ಹೆಂಗಸು ಪಾಚಿಯ ಮೇಲೆ ಜಾರಿದಳು. ಹೆಂಡತಿ ಅವಳನ್ನು ಬಾಚಿ ಹಿಡಿದು ಗೋಡೆಗೆ ಒತ್ತಿಕೊಂಡಳು. ಮಾತಾಡಲು ಉಸಿರೇ ಉಳಿದಿರಲಿಲ್ಲ.

ಮುಂದಿನ ತಿರುವಿನಿಂದ ಗಂಡನ ಕೂಗು: "ಎಲ್ಲರೂ ಇದ್ದೀರಾ?"

ಉತ್ತರ ಸಿಗದಿದ್ದರೆ ನಿಲ್ಲುತ್ತಾರೆ, ತಿರುಗಿ ಬರುತ್ತಾರೆ ಎಂದು ಆಕೆ ಧೈರ್ಯ ತಂದುಕೊಂಡಳು.

"ಸರಿ, ನಡೀರಿ!"

"ಅಕ್ಕಾ, ನೀವು ಉತ್ತರಾನೇ ಕೊಡ್ಲಿಲ್ಲ. ಅವರು ಹೊರಟೇಬಿಟ್ರಲ್ಲ!" ಎಂದಳು ದರ್ಜಿ.

"ಹೊರಟ್ರು."

ಪಾತಾಳಕ್ಕೆ ಎಂದೂ ಹೆದರದವಳು ಗಂಡನ ಆ 'ಸರಿ, ನಡೀರಿ'ಗೆ ಹೆದರಿದಳು.

ಕುಂಟುವವಳನ್ನು ಆನಿಸಿಕೊಂಡು ಊಟಕ್ಕೆ ನಿಲ್ಲುವ ಚಪ್ಪಟೆ ಬಂಡೆ ಮುಟ್ಟುವಷ್ಟರಲ್ಲಿ ಉಳಿದವರು ಬುತ್ತಿ ಬಿಚ್ಚಿ ಕೂತಿದ್ದರು. "ಇವತ್ತು ಬಾಲ ಯಾಕೋ ಉದ್ದ ಆಯ್ತಲ್ಲ!" ಎಂದ ಗಂಡ.

ಆಕೆ ಅವನನ್ನು ಪಕ್ಕಕ್ಕೆ ಕರೆದು, ತುಟಿ ಕಾಣುವ ಹಾಗೆ ಎದುರು ನಿಂತಳು. "ತಿರುವಲ್ಲಿ ನಾನು ಕೂಗಿದ್ದು ಕೇಳಿಸ್ತಾ?"

"ಕೇಳಿಸದೆ ಏನು? ದಿನಾ ಕೇಳೋದೇ ಅಲ್ವಾ?"

"ನಾನು ಕೂಗಲೇ ಇಲ್ಲ ರೀ."

ಅವನ ನಗು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಮುಖದಲ್ಲೇ ನಿಂತಿತು. ಕಣ್ಣು ದರ್ಜಿಯ ಊದಿದ ಪಾದದ ಮೇಲೆ ಹೋಯಿತು.

"ಚಳಿ ಶುರುವಾದಾಗಿನಿಂದ ಕಿವಿ ಹೀಗೇ," ಎಂದ ಮೆಲ್ಲಗೆ. "ನೀನು ಕೂಗೋಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಬಿಟ್ಟು ನಡೀತಿದ್ದೆ. ಇನ್ಮೇಲೆ ನೀನು ಮುಂದೆ ಹೋಗು. ನಾನು ಬಾಲ ಆಗ್ತೀನಿ."

"ನಾನು ಕರೆದಾಗ ಓಗೊಡೋರು ಯಾರು?"

ಅವನು ಕೋಲನ್ನು ಆಕೆಯ ಕೈಗೆ ಕೊಟ್ಟ.

ಬಂದ ದಾರಿಯಲ್ಲೇ ವಾಪಸಾಗಬೇಕಿತ್ತು. ಆಕೆ ಮುಂದೆ ನಡೆದಳು. ಪ್ರವಾಸಿಗರಲ್ಲೇ ಗಟ್ಟಿ ಗಂಟಲಿನ ಲಾರಿ ಡ್ರೈವರ್ ಕೊನೆಗೆ. ನಡುವೆ ಗಂಡ, ಅವನ ಹೆಗಲ ಮೇಲೆ ದರ್ಜಿಯ ಕೈ.

ಮೊದಲ ತಿರುವಿನಲ್ಲಿ ನಿಂತು ಆಕೆ ಕೂಗಿದಳು: "ಎಲ್ಲರೂ ಇದ್ದೀರಾ?"

"ಬಾಲಾನೂ ಇದೆ, ಕೊಂಬೂ ಇದೆ!" ಎಂದ ಡ್ರೈವರ್.

ಎಲ್ಲರೂ ಗೊಳ್ಳೆಂದು ನಕ್ಕರು. ಗಂಡ ಅವರ ಮುಖಗಳನ್ನು ಒಂದೊಂದಾಗಿ ನೋಡಿದ. ಉಳಿದವರ ನಗು ಮುಗಿಯುತ್ತ ಬಂದಾಗ ತಾನೂ ನಕ್ಕ.